ಸದ್ದಿಲ್ಲದ ಪೆಟ್ಟಿಗೆಯನ್ನು ಹಿಂದಿರುಗಿಸುತ್ತಾ

ನಿಶ್ಶಬ್ದಪೀಠದ ಒಡೆಯರೂ, ತಂಗಾಳಿಯ ಉಪಾಸಕರೂ, ಕಾಗದಪತ್ರಗಳ ಪ್ರಕಾರ ಇನ್ನೂ ನನ್ನ ಯಜಮಾನರೂ ಆದ ಕುವಾನ್-ಯೂ ಅವರಿಗೆ,

ವೆನ್-ಚಿ ಮಾಡುವ ನಮಸ್ಕಾರಗಳು. ಮೇಲಿನ ಬಹುವಚನವನ್ನು ಜೋಪಾನವಾಗಿ ಎತ್ತಿಟ್ಟುಕೋ. ಮುಂದೆ ಸಿಗುವುದಿಲ್ಲ.

ನಿನ್ನ ಸಂದೇಶ ತಲುಪಿತು. ಮನೆ ಬಿಟ್ಟು ಹೋದ ಮೇಲೆ ಇದೇ ಮೊದಲನೆಯದು. "ಪೆಟ್ಟಿಗೆ ಚೆನ್ನಾಗಿದೆ ತಾನೆ? ತೈಚುಂಗ್‌ನಲ್ಲಿ ನಮ್ಮ ಸಂಘದ ಪ್ರದರ್ಶನ ಇದೆ. ಮೆತ್ತನೆ ಬಟ್ಟೆ ಸುತ್ತಿ ಕಳಿಸು, ಅಲ್ಲಾಡಿಸಬೇಡ." ಪೆಟ್ಟಿಗೆಯ ಯೋಗಕ್ಷೇಮ ಇಷ್ಟು ಅಕ್ಕರೆಯಿಂದ ಕೇಳಿದವನಿಗೆ ನಮ್ಮಮ್ಮನ ಕಣ್ಣು ಹೇಗಿದೆ ಎಂದು ಕೇಳುವ ಹೊತ್ತಿಗೆ ಬೆರಳು ನೋಯತೊಡಗಿರಬೇಕು. ಇರಲಿ. ಪೆಟ್ಟಿಗೆ ಚೆನ್ನಾಗಿದೆ. ಒಂದು ಗೀರೂ ಬಿದ್ದಿಲ್ಲ. ಕಳಿಸುತ್ತಿದ್ದೇನೆ. ಆದರೆ ಈ ಕಾಗದವನ್ನು ಪೂರ್ತಿ ಓದಿದ ಮೇಲೆ ಅದನ್ನು ತೆರೆಯಬೇಕೆಂದು ವಿನಂತಿ.

ಈ ಪೆಟ್ಟಿಗೆ ಕಟ್ಟುವ ಮಹಾಯಜ್ಞ ಶುರುವಾದದ್ದು ಯಾಕೆ ಎಂದು ನಿನಗೆ ನೆನಪಿದೆಯೋ ಇಲ್ಲವೋ. ಯೊಂಗ್‌ಹದ ಈ ತಗಡಿನ ಮಹಡಿಮನೆಗೆ ನಾನು ಬರುವಾಗ ತವರಿನ ಉಡುಗೊರೆಯಂತೆ ನನ್ನ ಹಳೆಯ ಕಂಪ್ಯೂಟರ್ ತಂದಿದ್ದೆ. ಫ್ರಿಜ್ಜಿನ ತಮ್ಮನಂತಿದ್ದ ತಗಡಿನ ಡಬ್ಬ. ನಾನು ಆಟಕ್ಕೆ ಕೂತರೆ ಸಿಗ್ನಲ್ ಬಿಟ್ಟ ಕ್ಷಣ ಸ್ಕೂಟರುಗಳೆಲ್ಲ ಒಟ್ಟಿಗೆ ಹೊರಟಂತೆ ಅಬ್ಬರಿಸುತ್ತಿತ್ತು. ನನಗದು ಇಷ್ಟವೇ ಇತ್ತು. ಶತ್ರುಗಳನ್ನು ಅಟ್ಟಿಸಿಕೊಂಡು ಹೋಗುವಾಗ ಹಿನ್ನೆಲೆಗೆ ಒಂದು ಗಲಾಟೆ ಬೇಡವೇ? ನೀನು ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಒಂದು ದಿನ ಹೇಳಿದೆ: "ನಿಂಗೊಂದು ಹೊಸದು ಕಟ್ಟಿಕೊಡ್ತೀನಿ ಕಣೇ. ಎಂಥಾ ಆಟ ಬೇಕಾದ್ರೂ ಓಡಬೇಕು, ಆದ್ರೆ ಓಡ್ತಾ ಇದೆ ಅಂತ ಗೊತ್ತೇ ಆಗಬಾರ್ದು. ಅನ್ನದ ಕುಕ್ಕರಿಗಿಂತ ಚಿಕ್ಕದಾಗಿರಬೇಕು." ನಾನು ಕರಗಿಹೋದೆ. ನಮ್ಮ ಓಣಿಯ ಬೇರೆ ಗಂಡಸರು ಹೆಂಡತಿಗೆ ಓಲೆ ತರುತ್ತಿದ್ದರು, ನನ್ನವನು ಮೌನ ತರುತ್ತೇನೆ ಎನ್ನುತ್ತಿದ್ದ.

ಆಮೇಲೆ ಶುರುವಾಯಿತು ತಪಸ್ಸು. ಪುಟ್ಟ ಪೆಟ್ಟಿಗೆ ಕಟ್ಟುವವರ ನಿಮ್ಮ ಸಂಘದಲ್ಲಿ ಕಂಪ್ಯೂಟರಿನ ಗಾತ್ರವನ್ನು ಎಣ್ಣೆಯಂತೆ ಲೀಟರಿನಲ್ಲಿ ಅಳೆಯುತ್ತೀರಿ ಎಂದು ನನಗೆ ಗೊತ್ತಾದದ್ದೇ ಆಗ. ನೀನು ಗ್ವಾಂಗ್‌ಹುವಾ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಮಹಡಿ ಮಹಡಿ ಹತ್ತಿ, ಅಮ್ಮ ಕಲ್ಲಂಗಡಿಯನ್ನು ಬೆರಳಲ್ಲಿ ತಟ್ಟಿ ಆಲಿಸುವಂತೆ ಯಂತ್ರ ತಣಿಸುವ ಒಂದೊಂದೇ ಪುಟ್ಟ ಫ್ಯಾನನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಅಂಗಡಿಯವನು ಪಕ್ಕದ ಅಂಗಡಿಗೆ ಕೂಗುತ್ತಿದ್ದ: "ಬಂದ್ರಪ್ಪಾ ಫ್ಯಾನ್ ಡಾಕ್ಟ್ರು! ರೋಗಿಗಳನ್ನ ಹೊರಗೆ ಜೋಡಿಸ್ರೋ!" ಸಾನ್‌ಚೊಂಗ್‌ನ ಕಾರ್ಖಾನೆಯೊಂದರಲ್ಲಿ ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ಬಿಸಿಗಾಳಿ ಮೇಲೆ ಹೋಗಲೆಂದು ಮುಚ್ಚಳದ ತುಂಬ ಜರಡಿಯಂತೆ ತೂತು ಕೊರೆಸಿದೆ. ಸ್ಕ್ರೂ ಹಾಕಿದರೆ ನಡುಕ ತಗಡಿಗೆ ದಾಟುತ್ತದೆ ಎಂದು ಫ್ಯಾನುಗಳನ್ನು ರಬ್ಬರಿನ ಗೂಟಗಳಲ್ಲಿ ನೇತುಹಾಕಿದೆ. ಆಟದ ಚಿತ್ರ ಮೂಡಿಸುವ ಕಾರ್ಡು ಕಡಿಮೆ ಕರೆಂಟು ಕುಡಿದು ಅಷ್ಟೇ ದುಡಿಯುವಂತೆ ಪಳಗಿಸಿದೆ. ಜಾಗವಿಲ್ಲದ್ದರಿಂದ ಕಾರ್ಡನ್ನೂ ಮುಖ್ಯ ಬೋರ್ಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ, ನಡುವೆ ಒಂದು ಪಟ್ಟಿಯಂಥ ವೈರು ಹಾಯಿಸಿದೆ. "ಜಗಳ ಆಡಿ ಆ ಕಡೆ ಈ ಕಡೆ ತಿರುಗಿ ಮಲಗಿರೋ ಗಂಡ ಹೆಂಡ್ತಿ ಥರ ಇದಾವಲ್ಲೋ" ಅಂದೆ ನಾನು. ಇಬ್ಬರೂ ನಕ್ಕೆವು. ಆ ನಗುವಿಗೆ ಯಾರ ಆಕ್ಷೇಪಣೆಯೂ ಇರಲಿಲ್ಲ, ಆಗ.

ನಿನ್ನ ಕೆಲಸವನ್ನು ನಾನು ಹಳಿಯಲಾರೆ. ಮೊದಲ ಸಲ ಅದನ್ನು ಹಚ್ಚಿದಾಗ ಹತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಮುಚ್ಚಳದ ಮೇಲೆ ಅಂಗೈ ಚಾಚಿದೆ. ಮಲಗಿದ ಕೂಸಿನ ಉಸಿರಿನಷ್ಟು ಬೆಚ್ಚಗಿನ ಗಾಳಿ. ನನಗೆ ಅಳು ಬಂತು, ನಿಜ ಹೇಳುತ್ತಿದ್ದೇನೆ. ನೋಡಲು ಬಂದ ನಿನ್ನ ಗೆಳೆಯರ ಮುಂದೆ ನೀನು ಎದೆಯುಬ್ಬಿಸಿ ಹೇಳಿದೆ: "ಪೆಟ್ಟಿಗೆ ನನ್ನ ಕಲೆ. ಒಳಗಿರೋದೆಲ್ಲ ವೆನ್-ಚಿಗೆ, ಹುಟ್ಟುಹಬ್ಬಕ್ಕೆ." ಈ ಮಾತನ್ನು ಸ್ವಲ್ಪ ನೆನಪಿಟ್ಟುಕೋ.

ಮರುದಿನ ಆಟಕ್ಕೆ ಕೂತೆ. ನೀನು ಹಿಂದೆ ಬಂದು ನಿಂತೆ. "ಈ ಆಟ ಬೇಡ ಕಣೇ, ಬಿಸಿ ಆಗುತ್ತೆ. ಬಿಸಿ ಆದ್ರೆ ಫ್ಯಾನು ಜೋರಾಗುತ್ತೆ." ಇನ್ನೊಂದು ತೆರೆದೆ. "ಇದೂ ಬೇಡ." ಕೊನೆಗೆ ನನಗೆ ದಕ್ಕಿದ್ದು ಇಸ್ಪೀಟು. ಆಟಕ್ಕೆಂದೇ ಕಟ್ಟಿದ ಯಂತ್ರದಲ್ಲಿ ಆಟ ನಿಷಿದ್ಧವಾದ ಏಕೈಕ ಮನೆ ಇಡೀ ದ್ವೀಪದಲ್ಲಿ ನಮ್ಮದೇ ಇರಬೇಕು.

ಅಲ್ಲಿಗೆ ಮುಗಿದಿದ್ದರೆ ಇಸ್ಪೀಟು ಆಡಿಕೊಂಡೇ ಮುದುಕಿಯಾಗುತ್ತಿದ್ದೆ. ಆದರೆ ಅಷ್ಟು ದಿನ ಫ್ಯಾನು ಆಲಿಸಿ ಆಲಿಸಿ ಹರಿತವಾಗಿದ್ದ ನಿನ್ನ ಕಿವಿಗೆ ಈಗ ಬೇರೆ ಕೆಲಸ ಬೇಕಾಗಿತ್ತು. ಮೊದಲು ಫ್ರಿಜ್ಜು ಸಿಕ್ಕಿತು, ಆಮೇಲೆ ಗೋಡೆಯ ಹಲ್ಲಿ, ಆಮೇಲೆ ಕಸದ ಲಾರಿಯ ಹಾಡು. ಊರಿಗೆ ಊರೇ ಕಸದ ಚೀಲ ಹಿಡಿದು ಆ ಹಾಡಿನ ಹಿಂದೆ ಓಡುತ್ತಿದ್ದರೆ ನೀನು ಕಿಟಕಿ ಬಡಿದು ಹಾಕುತ್ತಿದ್ದೆ. ಆಮೇಲೆ ಸಿಕ್ಕವಳು ನಾನು. ಶಾವಿಗೆಯನ್ನು ಸೊರ್ ಎನ್ನಿಸದೆ ತಿನ್ನಬೇಕು. ಚಪ್ಪಲಿ ಎಳೆಯಬಾರದು. ನಗುವಾಗ ಬಾಯಿ ಮುಚ್ಚಿರಬೇಕು. ಬಾಯಿ ಮುಚ್ಚಿ ನಗುವುದನ್ನೂ ಕಲಿತೆ. ಮೂಗಿನಿಂದ ಬರುವ ಆ ನಗು ಎತ್ತಿನ ಸೀನಿನಂತಿದೆ ಎಂದು ನೀನು ಅದನ್ನೂ ನಿಲ್ಲಿಸಿದೆ. ನನ್ನನ್ನೂ ರಬ್ಬರಿನ ಗೂಟಕ್ಕೆ ನೇತುಹಾಕಿದ್ದೆ ನೀನು.

ಆ ಹೊತ್ತಿಗೆ ಅಮ್ಮ ಬಂದಳು, ಚಿಯಾಯಿಯಿಂದ, ಎರಡೂ ಕಣ್ಣಿನ ಪೊರೆ ತೆಗೆಸಲು. ಮೊದಲು ಎಡಗಣ್ಣು, ಅದು ಮಾಗಿದ ಮೇಲೆ ಬಲಗಣ್ಣು. ಹಾಲ್‌ನಲ್ಲೇ ಪರದೆ ಎಳೆದು ಹಾಸಿಗೆ ಹಾಕಿಕೊಟ್ಟೆ. ಬರುವಾಗ ಊರಿನ ಭೂದೇವರ ಗುಡಿಯಲ್ಲಿ ಧೂಪದ ಹೊಗೆಗೆ ಸುತ್ತಿಸಿದ ಒಂದು ಹಸಿರು ಪೊಟ್ಟಣ ತಂದಿದ್ದಳು. ತೆಂಗಿನಕಾಯಿ ಘಮದ ಅದೇ ಜೋಳದ ಕುರುಕಲು. ಯಂತ್ರ ಜಾಣಮರಿಯಾಗಿರಲಿ ಎಂದು ಈ ಊರಿನ ಬ್ಯಾಂಕಿನಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲ ಯಂತ್ರಗಳ ನೆತ್ತಿಯ ಮೇಲೂ ಕೂತಿರುತ್ತದಲ್ಲ, ಅದು. ಹಸಿರೇ ಆಗಬೇಕು, ತಾರೀಕು ಮುಗಿದಿರಬಾರದು, ಯಾರೂ ತಿನ್ನಬಾರದು. ನಿನಗೇನು ಹೇಳುವುದು? ನಿನ್ನ ಕಚೇರಿಯ ಯಂತ್ರದ ಕೋಣೆಯಲ್ಲಿ ತಾರೀಕು ನೋಡಿ ಪೊಟ್ಟಣ ಬದಲಾಯಿಸುವ ಪೂಜಾರಿಕೆ ನಿನ್ನದೇ ಆಗಿತ್ತು.

ನಿನ್ನ ಸಂಘದವರು ಪೆಟ್ಟಿಗೆಯ ಮೌನ ಆಲಿಸಲು ಬಂದ ದಿನ ಅಮ್ಮನಿಗೆ ಬಲು ಸಂಭ್ರಮ. ಅಳಿಯಂದಿರ ಯಂತ್ರಕ್ಕೆ ದೃಷ್ಟಿಯಾಗದಿರಲಿ ಎಂದು, ತಾನೇ ಕಸೂತಿ ಹಾಕಿದ ವಸ್ತ್ರವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಸಿ, ಅದರ ಮೇಲೆ ಪೊಟ್ಟಣ ಇಟ್ಟಳು. ತೂತುಗಳೆಲ್ಲ ಮುಚ್ಚಿಹೋದವು. ಪೊರೆ ಬಂದ ಕಣ್ಣಿಗೆ ತೂತು ಕಾಣುವುದು ಎಲ್ಲಿಂದ? ನೀವು ಫ್ರಿಜ್ಜು ಆರಿಸಿ, ಉಸಿರು ಬಿಗಿಹಿಡಿದು, ಗರ್ಭಗುಡಿಯ ಮುಂದೆ ಕೂತಂತೆ ಕೂತಿರಿ. ನೀನು ಅತಿ ಭಾರದ ಆಟವನ್ನೇ ಹಚ್ಚಿದೆ. ಹೊರಗೆ ಹೋಗಲು ದಾರಿಯಿಲ್ಲದ ಬಿಸಿಗಾಳಿ ಒಳಗೇ ಸುತ್ತಿತು. ಸ್ವಲ್ಪ ಹೊತ್ತಿನಲ್ಲಿ ನಿನ್ನ ಮೌನದೇವತೆ ಗುಂಯ್ ಅಂದಳು, ಆಮೇಲೆ ಕಿರುಚಿದಳು, ಆಮೇಲೆ ಕಣ್ಣು ಮುಚ್ಚಿಬಿಟ್ಟಳು. ನಿನ್ನ ಗೆಳೆಯ ತಾ-ವೇಯ್ ಹೇಳಿದ್ದು ನೆನಪಿದೆಯೇ? "ಅಣ್ಣಾ, ಟಿಕೆಟ್ ತಗೊಂಡಿಲ್ವಲ್ಲೋ, ವಿಮಾನ ಹೊರಟೇಹೋಯ್ತು!"

ಎಲ್ಲರೂ ನಕ್ಕರು. ನೀನೂ ನಕ್ಕು ಬಿಟ್ಟಿದ್ದರೆ ಈ ಕಾಗದವಿರುತ್ತಿರಲಿಲ್ಲ. ನೀನು ಪೊಟ್ಟಣ ಎತ್ತಿಕೊಂಡೆ, ಪರ್ ಎಂದು ಹರಿದೆ, ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ. ಉಳಿದದ್ದನ್ನು ಗೆಳೆಯರತ್ತ ಚಾಚಿದೆ. ಒಬ್ಬರೂ ಮುಟ್ಟಲಿಲ್ಲ. ಅವರೂ ಈ ಊರಿನವರೇ ಅಲ್ಲವೇ? ಚಹಾದ ತಟ್ಟೆ ಹಿಡಿದು ನಿಂತಿದ್ದ ಅಮ್ಮ, "ಬೇಡಿ ಅಳಿಯಂದ್ರೇ, ಅದನ್ನ ತಿನ್ನಬಾರ್ದು... ತಿಂದ್ರೆ ಯಂತ್ರ ಮಾತು ಕೇಳಲ್ಲ" ಅಂದಳು. ನೀನು ಅಗಿಯುತ್ತಲೇ ಹೇಳಿದೆ: "ಯಂತ್ರ ಮಾತು ಕೇಳುತ್ತೆ ಅತ್ತೆ. ಕೇಳದೇ ಇರೋದು ಮನೇಲಿರೋ ಜನ." ನಿನ್ನ ಜೀವನದಲ್ಲಿ ನೀನು ಅತಿ ಸದ್ದು ಮಾಡಿ ತಿಂದದ್ದು ಅವತ್ತೇ.

ಅದಾದ ಮೇಲೂ ನಿನಗೆ ಸಮಾಧಾನವಾಗಲಿಲ್ಲ. ಒಂದು ಬೆಳಿಗ್ಗೆ ನೀನು ಸೋಯಾ ಹಾಲು ಕುಡಿಯುತ್ತಾ ಫೋನು ಮುಂದಿಟ್ಟೆ. ಪರದೆಯಾಚೆ ಮಲಗಿದ್ದ ಅಮ್ಮನ ಗೊರಕೆಯನ್ನು ಫೋನಿನಲ್ಲಿ ಹಿಡಿದು, ಫ್ಯಾನಿನ ಸದ್ದು ಅಳೆಯುವ ಅದೇ ಅಳತೆಯಲ್ಲಿ ಅಳೆದು, ಸಂಘದವರಿಗೆಲ್ಲ ಕಳಿಸಿದ್ದೆ. "ಮನೆಗೆ ಹೊಸ ಫ್ಯಾನ್ ಬಂದಿದೆ. ಯಾವ ಕಂಪನಿ ಹೇಳಿ ನೋಡೋಣ!" ಅವರ ಉತ್ತರಗಳನ್ನು ನಗುನಗುತ್ತಾ ಓದಿದೆ. ಗೊರಕೆಯನ್ನೂ ಕೇಳಿಸಿದೆ. ಅಮ್ಮ ಮೊದಲು ಏನೆಂದು ತಿಳಿಯದೆ ನಕ್ಕಳು. ಆಮೇಲೆ, "ಅಯ್ಯೋ, ನಾನಾ ಇದು? ಎಮ್ಮೆ ಥರ ಇದೆಯಲ್ಲಪ್ಪಾ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ನಿನ್ನ ಕೈಯಿಂದ ಫೋನು ಕಿತ್ತುಕೊಂಡೆ. "ಮೆಲ್ಲಗೆ, ಮೆಲ್ಲಗೆ" ಅಂದೆ ನೀನು. ಫೋನಿಗಲ್ಲ, ನನ್ನ ದನಿಗೆ.

ಅವತ್ತಿನಿಂದ ಬೆಳಿಗ್ಗೆ ಅಮ್ಮನ ದಿಂಬಿನಲ್ಲಿ ತಲೆಯ ಗುರುತೇ ಇರುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಎಡಗಣ್ಣಿನ ಪೊರೆ ತೆಗೆದಿದ್ದ ಡಾಕ್ಟರು, "ಅಮ್ಮಾ, ನಿದ್ದೆ ಮಾಡದಿದ್ರೆ ಇದು ಮಾಗಲ್ಲ" ಎಂದು ಬೈದರು. ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಸರದಿ ಕಾಯುತ್ತಾ ಅಮ್ಮ ನಿದ್ದೆಹೋದಳು, ಬಾಯಿ ತೆರೆದು, ಇಡೀ ಸಾಲಿಗೆ ಕೇಳುವಂತೆ. ಎಬ್ಬಿಸಲು ಬಂದ ನರ್ಸಿನ ಕೈ ಹಿಡಿದು, ನಮ್ಮ ಸರದಿಯನ್ನು ಕೊನೆಗೆ ಹಾಕಿ ಎಂದು ಬೇಡಿಕೊಂಡೆ. ಮನೆಗೆ ಬಂದು ನಿನಗೆ ಇದನ್ನೆಲ್ಲ ಹೇಳಿದಾಗ, ಹೌದು, ಕೂಗಿ ಹೇಳಿದಾಗ, "ಈ ಮನೇಲಿ ಶಾಂತಿನೇ ಇಲ್ಲ" ಎಂದು ನೀನು ಹೆಲ್ಮೆಟ್ಟು ಎತ್ತಿಕೊಂಡು ತಾ-ವೇಯ್ ಮನೆಗೆ ಹೋದೆ. ಸ್ಕೂಟರಿನ ಕುಲುಕಾಟ ತಡೆಯದು ಎಂದು ಪೆಟ್ಟಿಗೆಯನ್ನು ಬಿಟ್ಟು ಹೋದೆ. ಆರಂಭದಲ್ಲಿ ನೀನು ಅದಕ್ಕಾಗಿಯಾದರೂ ಬರುತ್ತೀಯ ಎಂದುಕೊಂಡಿದ್ದೆ. ಎಂಥ ದಡ್ಡಿ ನೋಡು.

ನೀನು ಹೋದೆ, ಅಮ್ಮನ ನಿದ್ದೆ ಬರಲಿಲ್ಲ. "ನನ್ನ ಗೊರಕೆಯಿಂದ ನಿನ್ನ ಸಂಸಾರ ಹೋಯ್ತಲ್ಲೇ" ಎನ್ನುವುದೊಂದೇ ಜಪ. "ಮನೇಲಿ ಈಗ ಯಾರಿದಾರಮ್ಮಾ ಕೇಳೋಕೆ?" ಅಂದರೆ, "ನೀನಿದೀಯಲ್ಲ" ಎನ್ನುತ್ತಿದ್ದಳು. ನಿನ್ನ ಪೆಟ್ಟಿಗೆ ಮೂಲೆಯಲ್ಲಿ ತಣ್ಣಗೆ ಕೂತು ಮನೆಯನ್ನೆಲ್ಲ ಆಲಿಸುತ್ತಿತ್ತು. ಕೊನೆಗೊಂದು ದಿನ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಾ ಹೇಳಿಬಿಟ್ಟಳು: "ಬಲಗಣ್ಣು ಬೇಡ ಕಣೇ. ಕೋಳಿಗೆ ಕಾಳು ಹಾಕೋಕೆ ಒಂದು ಕಣ್ಣು ಸಾಕು. ನಾನು ಹೋದ್ರೆ ಅಳಿಯಂದಿರು ಬಂದೇ ಬರ್ತಾರೆ." ಬಲಗಣ್ಣಿನ ಪೊರೆ ಎಡಗಣ್ಣಿನದಕ್ಕಿಂತ ದಪ್ಪವೆಂದು ಡಾಕ್ಟರು ಹೇಳಿದ್ದರು. ಬಿಟ್ಟರೆ ಕತ್ತಲೆಯೇ.

ಅದೇ ಭಾನುವಾರ ಮಧ್ಯಾಹ್ನ ನಿನ್ನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದೆ. ಹೆದರಬೇಡ, ರಬ್ಬರಿನ ಗೂಟಗಳನ್ನು ಹಲ್ಲು ಕೀಳುವ ಡಾಕ್ಟರಂತೆ ಜೋಪಾನವಾಗಿ ತೆಗೆದೆ. ಬೆನ್ನು ತಿರುಗಿಸಿ ಮಲಗಿದ್ದ ಗಂಡ ಹೆಂಡತಿಯನ್ನು ಬಿಡಿಸಿದೆ. ಅಟ್ಟದ ಮೇಲಿದ್ದ ನನ್ನ ಹಳೆಯ ತಗಡಿನ ಡಬ್ಬವನ್ನು ಇಳಿಸಿ, ಬೋರ್ಡು, ಕಾರ್ಡು ಎಲ್ಲವನ್ನೂ ಅದರಲ್ಲಿ ಕೂರಿಸಿದೆ. ಅದರ ಹಳೆಯ ಫ್ಯಾನುಗಳನ್ನೇ ಸ್ಕ್ರೂ ಹಾಕಿ, ತಿರುವಿ ತಿರುವಿ, ಬಿಗಿದೆ. ಹಚ್ಚಿದೆ. ಆಹಾ! ತಗಡು ಅದುರಿತು, ಮೇಜು ಅದುರಿತು, ಲೋಟದ ನೀರು ಅದುರಿತು. ಅತಿ ಭಾರದ ಆಟವನ್ನೇ ತೆರೆದು ಶತ್ರುಗಳ ಮೇಲೆ ಬಿದ್ದೆ, ಬಾಯಿ ತೆರೆದು ನಕ್ಕೆ.

ಅಮ್ಮ ಮಡಚುತ್ತಿದ್ದ ಬಟ್ಟೆ ಬಿಟ್ಟು ಬಂದಳು. "ಏನೇ ಇದು, ಅಕ್ಕಿ ಗಿರಣಿ ಇಟ್ಟಿದೀಯಾ?" ಅಂದಳು.

"ಸಂಜೆ ತನಕ ಹೀಗೇ ಇರುತ್ತಮ್ಮಾ. ನಿಂಗೆ ತೊಂದ್ರೆನಾ?"

"ನಂಗೇನು ತೊಂದ್ರೆ..." ಎಂದು ಸ್ವಲ್ಪ ಹೊತ್ತು ನಿಂತು ಆಲಿಸಿದಳು. ಮುಖ ಸಡಿಲವಾಯಿತು. "ಈ ಗಲಾಟೇಲಿ ನನ್ನದು ಯಾರಿಗೆ ಕೇಳ್ಸುತ್ತೆ?" ಎಂದಳು. ಪರದೆಯಾಚೆ ಹೋಗಿ ಕಾಲು ಚಾಚಿದಳು. ಆಮೇಲೆ ಬಂದದ್ದು ಯಾವ ಕಂಪನಿಯ ಸದ್ದು ಎಂದು ನಿನ್ನ ಸಂಘದವರು ಊಹಿಸಿಕೊಳ್ಳಲಿ. ನನಗಂತೂ ಕೇಳಿಸಲಿಲ್ಲ, ಪರದೆ ಸರಿಸಿ ನೋಡಿದೆ. ಬಾಯಿ ತೆರೆದಿತ್ತು, ತಲೆ ದಿಂಬಿನಲ್ಲಿ ಹೂತುಹೋಗಿತ್ತು. ಚೀಲದ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಗೂಡಿಗೆ ಜೋಡಿಸಿದೆ. ಬಲಗಣ್ಣಿಗೆ ಡಾಕ್ಟರು ದಿನ ಕೊಟ್ಟಿದ್ದಾರೆ. ಅಮ್ಮ ಒಪ್ಪಿದ್ದಾಳೆ.

ಆದ್ದರಿಂದ ನಿನ್ನ ಕಲೆಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಪೆಟ್ಟಿಗೆ, ಮುಚ್ಚಳ, ಗೂಟಗಳು, ನಿನ್ನ ಮೆತ್ತನೆಯ ಫ್ಯಾನುಗಳು. ಒಳಗಿರುವುದೆಲ್ಲ ನನ್ನದು ಎಂದು ಹೇಳಿದವನು ನೀನೇ, ಸಾಕ್ಷಿಗೆ ಸಂಘವೇ ಇದೆ. ಇನ್ನು ಅದು ಎಂದೂ ಬಿಸಿಯಾಗುವುದಿಲ್ಲ, ಎಂದೂ ಸದ್ದು ಮಾಡುವುದಿಲ್ಲ. ನೀನು ಬಯಸಿದ್ದು ಕೊನೆಗೂ ಪೂರ್ತಿಯಾಗಿದೆ, ನಿನ್ನ ಗೆಳೆಯರಿಗೆ ತೋರಿಸು.

ಅದರೊಳಗೆ ಒಂದು ಹಸಿರು ಪೊಟ್ಟಣವಿದೆ. ಇಡು ಎಂದು ಹೊಸದೊಂದನ್ನು ಕೊಟ್ಟವಳು ಅಮ್ಮ. "ಮುಚ್ಚಳದ ಮೇಲೆ ಬೇಡ, ಪಕ್ಕದಲ್ಲಿಟ್ಟುಕೊಳ್ಳಲಿ ಅಂತ ಬರಿ" ಅಂದಳು, ಬರೆದಿದ್ದೇನೆ. ತಾರೀಕು ಮುಗಿದ ಪೊಟ್ಟಣವೊಂದು ನನ್ನ ಬಳಿ ಇತ್ತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದೆ. ಒಳಗೆ ಹೋದದ್ದು ಯಾವುದೆಂದು ನೀನೇ ತಿರುಗಿಸಿ ನೋಡಿಕೋ. ನನ್ನ ಮೇಲೆ ಹೆಚ್ಚು ಭರವಸೆ ಇಡಬೇಡ.

ನೀನು ಎಲ್ಲಿದ್ದರೂ ಯಾರ ಉಸಿರೂ ನಿನ್ನ ಕಿವಿಗೆ ಬೀಳದಿರಲಿ ಎಂದು ಹರಸುತ್ತಾ,

ಗಿರಣಿಯ ಸದ್ದಿನ ನಡುವಿನಿಂದ,
ವೆನ್-ಚಿ