ಚಮಚ ಕೊಕ್ಕಿನ ಹಕ್ಕಿ ಕಂಡವಳು ನಾನು

ಡಿಸೆಂಬರ್ ೧೮, ಗುರುವಾರ

ನಾಲ್ಕು ಕನ್ನಡಕದ ಫ್ರೇಮಿಗೆ ಸ್ಕ್ರೂ ಬಿಗಿದೆ. ಐದನೆಯದರ ಹೊತ್ತಿಗೆ ನಮ್ಮ ಹಕ್ಕಿ ನೋಡುವ ಗುಂಪಿನ ಮೇಷ್ಟ್ರ ಫೋನ್. ಭಾನುವಾರ ಕಡಲ ಹಕ್ಕಿಗಳ ಎಣಿಕೆ, ಆರಕ್ಕೆಲ್ಲ ಹೊರಡಬೇಕಂತೆ. “ಬರ್ತೀನಿ ಮೇಷ್ಟ್ರೇ” ಎಂದೆ, ಬೆಣ್ಣೆಯಂಥ ದನಿಯಲ್ಲಿ.

ಹೋದ ಚಳಿಗಾಲ ಆ ಚಮಚ ಕೊಕ್ಕಿನ ಪುಟ್ಟ ಹಕ್ಕಿಯನ್ನು ಕಂಡವಳು ನಾನು. ಮೇಷ್ಟ್ರು ಪಟ್ಟಿಯಿಂದ ಹೊಡೆದುಹಾಕಿಸಿದರು. “ಕನ್ನಡಕ ಮಾರೋಳಿಗೇ ಮೊದ್ಲು ಒಂದು ಕನ್ನಡಕ ಹಾಕ್ಸಿ.” ಎಲ್ಲರೂ ನಕ್ಕರು. ಹತ್ತೇ ದಿನ. ಪತ್ರಿಕೆಯಲ್ಲಿ ಅದೇ ತೀರ, ಅದೇ ಹಕ್ಕಿ. ಮೊದಲು ಕಂಡವರು — ಮೇಷ್ಟ್ರು!

ನುಂಗಿಕೊಂಡೆ. ಇನ್ನೂ ಗಂಟಲಲ್ಲೇ ಇದೆ.

ಡಿಸೆಂಬರ್ ೨೦

ಬೈನಾಕ್ಯುಲರ್ ಒರೆಸಿಸಿಕೊಂಡು ಹೋಗಲು ಮೇಷ್ಟ್ರು ಅಂಗಡಿಗೆ ಬಂದರು. ಗಡಿಯಾರ ನೋಡಲು ತಲೆ ಓರೆ ಮಾಡಿದರು. ಎದುರಿಗಿದ್ದ ನನ್ನನ್ನೂ ಓರೆಯಾಗಿಯೇ... ಹದಿನೇಳು ವರ್ಷದಿಂದ ಇದೇ ಕೆಲಸ, ನನಗೆ ತಿಳಿಯದೆ? ಅವರ ನೋಟದ ನಟ್ಟನಡುವೆ ಮಸುಕು. ಅಂಚಿನಲ್ಲಷ್ಟೇ ಕಾಣುತ್ತದೆ.

“ಕಣ್ಣು ಹೇಗಿದೆ ಮೇಷ್ಟ್ರೇ?”

“ಹದ್ದಿನ ಕಣ್ಣಮ್ಮಾ!”

ಯಾರಿಗೂ ಹೇಳಿಲ್ಲ, ಪುಣ್ಯಾತ್ಮ. ಸಿಕ್ಕಿಬಿದ್ದರು.

ಡಿಸೆಂಬರ್ ೨೧, ಸಂಜೆ

ಕೊರೆಯುವ ಗಾಳಿ. ನಾವು ನಾಲ್ವರು. ಪಟ್ಟಿ ಬರೆಯಲು ನರ್ಸಕ್ಕ, ಕ್ಯಾಮೆರಾ ಹಿಡಿದ ಪೋಸ್ಟ್‌ಮನ್. ಮೇಷ್ಟ್ರದು ಜಾಣತನ — “ಕಾಲು ಯಾವ ಬಣ್ಣ, ನೀವೇ ಹೇಳಿ ನೋಡೋಣ” ಎಂದು ನಮ್ಮ ಬಾಯಿಂದಲೇ ಕೇಳಿಕೊಂಡು ಹೆಸರು ಹೇಳುವುದು. ಬೆಳಿಗ್ಗೆ ಒಂಬತ್ತು ಗಂಟೆಯವರೆಗೂ ಕಾದೆ. ನೀರಿನಂಚಿನ ಕೆಸರಲ್ಲಿ ಬೆಳ್ಳಗೆ ಏನೋ ಕಂಡಿತು.

“ಮೇಷ್ಟ್ರೇ, ಅದೇನು?”

“ಗಲ್ ಹಕ್ಕಿ. ಎಳೇದು. ತಲೆ ರೆಕ್ಕೆಯೊಳಗಿಟ್ಟು ಮಲಗಿದೆ. ಬರ್ಕೊಳ್ಳಿ.”

ನರ್ಸಕ್ಕ ಬರೆಯಲಿಲ್ಲ. ನಾನು ಮೊಣಕಾಲುದ್ದ ಕೆಸರು ತುಳಿದು ಹೋಗಿ, ಅದನ್ನೆತ್ತಿ ತಂದು ಅವರ ಕಾಲ ಬುಡದಲ್ಲಿಟ್ಟೆ. ಪ್ಲಾಸ್ಟಿಕ್ ಕ್ಯಾನು.

“ಹದ್ದಿನ ಕಣ್ಣು!” ಎಂದೆ.

ಯಾರೂ ನಗಲಿಲ್ಲ. ಮೇಷ್ಟ್ರು ಬಗ್ಗಿ ಅದನ್ನು ಕೈಯಲ್ಲಿ ಮುಟ್ಟಿ ನೋಡಿದರು. ಕಾರಿನಲ್ಲಿ ನರ್ಸಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡದಿದ್ದರೆ ಬಿಡಲಿ. ನನಗೆ ಹೊಟ್ಟೆ ತಣ್ಣಗಾಗಿದೆ.

ಜನವರಿ ೯

ಮೇಷ್ಟ್ರು ಬಂದಿದ್ದರು, ಗೋಡೆ ಹಿಡಿದುಕೊಂಡು. ಪರೀಕ್ಷೆಯ ಕುರ್ಚಿಯಲ್ಲಿ ಕೂತರು.

“ಡಾಕ್ಟರು ಕೈ ಚೆಲ್ಲಿದಾರೆ, ನೀನೇನೂ ನೋಡ್ಬೇಡ. ಒಂದು ಮಾತು ಹೇಳಕ್ಕೆ ಬಂದೆ. ಆ ಹಕ್ಕೀನ ನಾನು ನೋಡ್ಲೇ ಇಲ್ಲಮ್ಮ. ನೀನು ಹೇಳಿದ ಜಾಗಕ್ಕೇ ಪೋಸ್ಟ್‌ಮನ್‌ನ ಕರ್ಕೊಂಡು ಹೋದೆ. ಅವನು ಫೋಟೋ ತೆಗೆದ. ನಾನು ಹೂಂ ಅಂದೆ, ಅಷ್ಟೇ.”

“ಬರೆದುಕೊಡಿ.”

ಬರೆದರು. ಸಾಲುಗಳು ಒಂದರ ಮೇಲೊಂದು ಹತ್ತಿದವು. ಅರ್ಧ ಸಹಿ ಮೇಜಿನ ಮೇಲೆ ಬಿತ್ತು. ಅವರ ಎದುರಿಗೇ ಫೋಟೋ ತೆಗೆದು ಗುಂಪಿಗೆ ಕಳಿಸಿದೆ.

ಎದ್ದು ಹೊರಟವರು ಬಾಗಿಲಲ್ಲಿ ನಿಂತರು.

“ಹೇಗಿತ್ತಮ್ಮಾ ಅದು? ಫೋಟೋದಲ್ಲೂ ನಂಗೆ ಕಾಣ್ಲಿಲ್ಲ.”

ಹೇಳಲಿಲ್ಲ. ಫ್ರೇಮ್ ಒರೆಸುತ್ತ ಕೂತೆ. ಕಾದು ಕಾದು ಹೋದರು.

ಹೇಳುವುದೂ ಇಲ್ಲ. ಅದು ನನ್ನದು. ಎದೆಯೆಲ್ಲ ಬೆಳ್ಳಗೆ, ಗುಬ್ಬಿಯಷ್ಟೇ ಗಾತ್ರ, ಓಡೋಡುತ್ತ ಕೆಸರಲ್ಲಿ ಕೊಕ್ಕನ್ನು ಅತ್ತಿತ್ತ ಸವರುತ್ತಿತ್ತು ಮೇಷ್ಟ್ರೇ, ಆಮೇಲೆ ತಲೆಯೆತ್ತಿ —