ಮುಂದಿನ ಸೀಟು, ಹಿಂದಿನ ಸೀಟು

ಅಕ್ಕಾ,

ಗದಗಿನ ನಮ್ಮ ಓಣಿಯಲ್ಲಿ ನೀನು ಸೈಕಲ್ ತುಳಿಯುತ್ತಿದ್ದೆ, ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತಿರುತ್ತಿದ್ದೆ. ನಿನ್ನ ಮುಖಕ್ಕಿಂತ ನಿನ್ನ ಬೆನ್ನೇ ನನಗೆ ಹೆಚ್ಚು ಪರಿಚಯ. ಎರಡು ಜಡೆ, ಕೆಂಪು ರಿಬ್ಬನ್, ಬೆವರಿಗೆ ಅಂಟಿಕೊಂಡ ಯೂನಿಫಾರ್ಮು. ತಿರುಗಿ ನೋಡಿದರೆ ಹ್ಯಾಂಡಲ್ ಅಲುಗುತ್ತದೆಂದು ನೀನು ತಿರುಗುತ್ತಿರಲಿಲ್ಲ. ಅದರ ಬದಲು ಆಗಾಗ "ಅದಿಯೇನ?" ಎಂದು ಕೂಗುತ್ತಿದ್ದೆ. ಹಿಂದೆ ಇದ್ದೀಯೋ, ದಾರಿಯಲ್ಲಿ ಎಲ್ಲಾದರೂ ಬಿದ್ದುಹೋದೆಯೋ ಎಂದು. ನಾನು "ಅದೀನಿ" ಅನ್ನಬೇಕು. ಸಿಟ್ಟು ಬಂದ ದಿನ ಬೇಕೆಂದೇ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆಗ ನೀನು ಬ್ರೇಕ್ ಹಾಕಿ, ಇಳಿದು, ನನ್ನ ತಲೆಗೊಂದು ಮೊಟಕಿ ಮತ್ತೆ ಹತ್ತುತ್ತಿದ್ದೆ. ಆ ಮೊಟಕು ನನಗೆ ಇಷ್ಟವಿತ್ತು ಎಂದು ನಿನಗೆ ಯಾವತ್ತೂ ಹೇಳಲೇ ಇಲ್ಲ.

ನಿನ್ನ ಕರ್ಮಗಳೆಲ್ಲ ಮುಗಿದ ದಿನ ವಿಜಯವಾಡದ ನಿನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನಿನ್ನ ಜಾನು ಅವಳ ಅಜ್ಜಿಯ ತೊಡೆಯ ಮೇಲಿದ್ದಳು. ಪಾಪ, ನಿನ್ನ ಅತ್ತೆಗೆ ಮೊಣಕಾಲು ನೋವಿನಲ್ಲಿ ಎದ್ದು ನಿಲ್ಲುವುದೇ ಕಷ್ಟ. ಎರಡು ತುಂಬಲಿರುವ ಮಗುವಿನ ಹಿಂದೆ ಓಡುವುದು ಎಲ್ಲಿಂದ ಬಂತು? ಅಷ್ಟರಲ್ಲಿ ಹಿರಿಯರೊಬ್ಬರು ನನ್ನನ್ನೂ ಭಾವನನ್ನೂ ಒಮ್ಮೆ ನೋಡಿ ಮಾತು ತೆಗೆದರು. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನಿನಗೆ ಗೊತ್ತಲ್ಲ, ಅಕ್ಕ ಹೋದರೆ ಅವಳ ಜಾಗಕ್ಕೆ ತಂಗಿ... ನಾನು ಎಲೆ ಬಿಟ್ಟು ಏಳುವವಳೇ ಇದ್ದೆ. ಭಾವ ತಲೆ ಎತ್ತದೆಯೇ "ಆಮೆ ನಾಕು ಚೆಲ್ಲೆಲು" ಅಂದರು. ಆಕೆ ನನಗೆ ತಂಗಿ. ಆ ಮಾತು ಅಲ್ಲಿಗೆ ನಿಂತಿತು. ಆ ದಿನದಿಂದ ನಿನ್ನ ಗಂಡನ ಮೇಲೆ ನನಗೆ ಇದ್ದಬದ್ದ ತಕರಾರೆಲ್ಲ ಹೋಯಿತು.

ಅವತ್ತು ಸಂಜೆ ಜಾನುವನ್ನು ನಾನು ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. ಭಾವ, ಒಂದು ತಿಂಗಳು ನೋಡೋಣ, ಅಳು ನಿಲ್ಲದಿದ್ದರೆ ಹೈದರಾಬಾದಿನ ತಮ್ಮ ಅಕ್ಕನ ಮನೆಯಲ್ಲಿ ಬಿಡುತ್ತೇನೆ ಎಂದರು. ಅವರ ಅಕ್ಕ ಒಳ್ಳೆಯವರೇ. ಆದರೆ ಅಲ್ಲಿ ಜಾನುವಿಗೆ ನಿನ್ನ ಬಗ್ಗೆ ಯಾರು ಹೇಳುತ್ತಾರೆ? ನಮ್ಮ ಮಾತಿನಲ್ಲಿ ಅವಳನ್ನು ಯಾರು ಬೈಯುತ್ತಾರೆ?

ಮಾರನೆಯ ದಿನ ನಿಮ್ಮೂರಿನ ಗವರ್ನರ್‌ಪೇಟೆಯ ಸೈಕಲ್ ಅಂಗಡಿಗೆ ಭಾವನೂ ನಾನೂ ಹೋದೆವು. ನನಗೆ ಸ್ಕೂಟರ್ ಬರುವುದಿಲ್ಲ, ವಿಶಾಖಪಟ್ಟಣದಲ್ಲಿ ಗಾಜುವಾಕದ ನನ್ನ ಮನೆಯಿಂದ ಮಗುವನ್ನು ಬಿಡುವ ಶಿಶುವಿಹಾರಕ್ಕೆ ಸೈಕಲ್ಲೇ ಗತಿ. ಅಂಗಡಿಯವನು ಮೂರು ತರಹದ ಸೀಟು ತೋರಿಸಿದ. ಒಂದು ಬೆತ್ತದ್ದು, ನೋಡಲು ಚಂದ, ಆದರೆ ಬೆಲ್ಟ್ ಇಲ್ಲ. ಇನ್ನೊಂದು ಹ್ಯಾಂಡಲ್ ಹಿಂದೆ ಬಿಗಿಯುವಂಥದ್ದು. ಮೂರನೆಯದು ಹಿಂದೆ ಕ್ಯಾರಿಯರ್ ಮೇಲೆ ಕೂರಿಸುವಂಥದ್ದು, ಎತ್ತರದ ಬೆನ್ನು, ಭುಜದ ಮೇಲೆ ಬೆಲ್ಟ್, ಕಾಲು ಚಕ್ರದ ಕಡ್ಡಿಗೆ ಸಿಕ್ಕದಂತೆ ಎರಡೂ ಕಡೆ ಮರೆ. ಭಾವ ಒಂದೊಂದು ಬೆಲ್ಟನ್ನೂ ಜಗ್ಗಿ ನೋಡಿದರು. ಹಿಂದಿನದೇ ಸರಿ ಎಂದು ನಾನೂ ಒಪ್ಪಿದೆ. ನನ್ನನ್ನು ನೀನು ಬೆಳೆಸಿದ್ದೂ ಹಿಂದೆ ಕೂರಿಸಿಕೊಂಡೇ ಅಲ್ಲವೇ? ರೈಲಿನಲ್ಲಿ ಜಾನು ನನ್ನ ಮಡಿಲಲ್ಲಿ, ಸೀಟು ಕಾಲಬುಡದಲ್ಲಿ, ಹಾಗೆ ಊರು ಸೇರಿದೆವು.

ಗಾಜುವಾಕದ ಗಲ್ಲಿಯಲ್ಲಿ ಮೊದಲ ಬೆಳಿಗ್ಗೆ ಅವಳನ್ನು ಕೂರಿಸಿ, ಬೆಲ್ಟ್ ಹಾಕಿ, ಪೆಡಲ್ ತುಳಿದೆ ನೋಡು. ಆ ಕಿರುಚಾಟಕ್ಕೆ ಇಡೀ ಗಲ್ಲಿ ಬಾಗಿಲಿಗೆ ಬಂತು. ಬೆನ್ನು ಬಿಲ್ಲಿನಂತೆ ಬಗ್ಗಿಸಿ ಒದ್ದಾಡಿದಳು, ಸೈಕಲ್ ವಾಲಿತು, ಹೇಗೋ ಕಾಲು ಕೊಟ್ಟು ನಿಲ್ಲಿಸಿದೆ. ನಿನ್ನ ಉಪಾಯ ನೆನಪಾಗಿ "ಅದಿಯೇನ?" ಎಂದು ಕೂಗಿದೆ. ಅಳು ಹೆಚ್ಚಾಯಿತು. ಒಂದು ವಾರ ಹೀಗೇ ನಡೆಯಿತು. ದಿನಾ ಕೂರಿಸಿ ನೋಡಿ, ಕೊನೆಗೆ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡೇ ಶಿಶುವಿಹಾರಕ್ಕೆ ನಡೆದೆ, ಕೆಲಸಕ್ಕೆ, ಬ್ಯಾಂಕಿಗೆ, ತಡವಾಗಿ ಹೋಗಿ ಬೈಸಿಕೊಂಡೆ. ಭಾವ ಫೋನ್ ಮಾಡಿದಾಗಲೆಲ್ಲ ಹಿಂದೆ ಅಳು ಕೇಳುತ್ತಿತ್ತು. ತಿಂಗಳಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ನೀನು ಕಡೆಯ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನಾನು ಬಾಗಿಲಲ್ಲಿದ್ದೆ. ಜಾನು ಜಗಲಿಯಲ್ಲಿ ಕೂತ ಅಜ್ಜಿಯ ತೊಡೆಯ ಮೇಲಿದ್ದಳು. ತಿರುಗಿ ನೋಡಿದರೆ ಮಗು ಹಟ ಮಾಡುತ್ತದೆ ಎಂದು ನೀನು ತಿರುಗಲಿಲ್ಲ, ನೆಟ್ಟಗೆ ನಡೆದು ಆಟೋ ಹತ್ತಿದೆ. ಒಂದು ಸಂಜೆ ಮತ್ತೊಮ್ಮೆ ಕೂರಿಸಿ ನೋಡಿ, ಅಳುವ ಮಗುವನ್ನು ಆ ಸೀಟಿನಿಂದ ಬಿಡಿಸುತ್ತಾ ಇದು ನೆನಪಾಯಿತು. ಅವಳು ಕೊನೆಗೆ ನೋಡಿದ್ದು ನಿನ್ನ ಬೆನ್ನನ್ನು. ನನ್ನನ್ನೂ ನಿನ್ನನ್ನೂ ಹಿಂದಿನಿಂದ ನೋಡಿದರೆ ಯಾರು ಯಾರೆಂದು ಅವ್ವನಿಗೇ ಗುರುತು ಸಿಗುತ್ತಿರಲಿಲ್ಲ. ನಾನು ದಿನಾ ಬೆಳಿಗ್ಗೆ ಆ ಮಗುವಿನ ಕಣ್ಣೆದುರು ಅದೇ ಬೆನ್ನು ಹಿಡಿದು ಕೂರುತ್ತಿದ್ದೆ. ಅಷ್ಟು ಸಣ್ಣ ಮಗುವಿಗೆ ಅದು ನೆನಪಿರುತ್ತದೋ ಇಲ್ಲವೋ, ನನಗೇನು ಗೊತ್ತು? ಅಲ್ಲೇ ಮೆಟ್ಟಿಲ ಮೇಲೆ ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ನನ್ನನ್ನು ನೋಡಿ ಅವಳೇ ಅಳು ನಿಲ್ಲಿಸಿದಳು.

ಮರುದಿನ ಬ್ಯಾಂಕ್ ಬಿಟ್ಟವಳೇ ದ್ವಾರಕಾ ನಗರದ ಅಂಗಡಿಯಿಂದ ಮುಂದಿನ ಸೀಟನ್ನೂ ಒಂದು ಪುಟ್ಟ ಹೆಲ್ಮೆಟನ್ನೂ ತಂದೆ. ನನ್ನ ಎತ್ತರ ನಿನಗೆ ಗೊತ್ತಲ್ಲ, ಮೊಣಕಾಲು ಸೀಟಿಗೆ ತಾಗುತ್ತದೆ. ಕಾಲು ಅಗಲಿಸಿ ಕಪ್ಪೆಯಂತೆ ತುಳಿಯುತ್ತೇನೆ. ನೀನಿದ್ದಿದ್ದರೆ ನಕ್ಕು ನಕ್ಕು... ಇರಲಿ. ಜಾನು ನನ್ನ ಎರಡು ತೋಳುಗಳ ನಡುವೆ ಕೂತಳು. ಕಿರುಚಲಿಲ್ಲ. ಆದರೆ ಕ್ಷಣಕ್ಕೊಮ್ಮೆ ಕತ್ತು ಹೊರಳಿಸಿ ಮೇಲೆ ನನ್ನ ಮುಖ ನೋಡುವುದು, ಅವಳು ಹೊರಳಿದಾಗಲೆಲ್ಲ ಹ್ಯಾಂಡಲ್ ಎಳೆಯುವುದು. ಬಸ್ಸು, ಲಾರಿ ಓಡಾಡುವ ದೊಡ್ಡ ರಸ್ತೆಯನ್ನು ಇಳಿದು ತಳ್ಳಿಕೊಂಡೇ ದಾಟುತ್ತಿದ್ದೆ. ಆಮೇಲೆ ಹೊಳೆಯಿತು, ಅದೇ ಅಂಗಡಿಗೆ ಹೋಗಿ ಹ್ಯಾಂಡಲಿಗೆ ಒಂದು ಕನ್ನಡಿ ಹಾಕಿಸಿ, ನನ್ನ ಮುಖದ ಕಡೆಗೆ ತಿರುಗಿಸಿದೆ. ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಅದ್ದಂ ವೆನಕ ಚೂಡಡಾನಿಕಿ, ಮೇಡಂ."

ಕನ್ನಡಿ ಇರುವುದು ಹಿಂದೆ ನೋಡಲಿಕ್ಕೆ ಎಂದು ನನಗೂ ಗೊತ್ತು ಮಾರಾಯ, ಮುಂದೆ ಕೂತವಳಿಗೆ ಹಿಂದಿರುವುದು ನಾನೇ, ಎಂದು ನನಗೆ ಬಂದ ತೆಲುಗಿನಲ್ಲಿ ಹೇಳಿದೆ. ಅವನು ತಲೆ ಕೆರೆದುಕೊಂಡ. ಜಾನು ಮಾತ್ರ ಆವತ್ತಿನಿಂದ ಕತ್ತು ಹೊರಳಿಸಲಿಲ್ಲ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಕೂರುತ್ತಿದ್ದಳು. ನಾನು ನಕ್ಕರೆ ಅವಳು ನಗುತ್ತಿರಲಿಲ್ಲ, ಸುಮ್ಮನೆ ಕಾವಲು ಕಾಯುತ್ತಿದ್ದಳು. ನಿನ್ನ "ಅದಿಯೇನ?"ವನ್ನು ನಾನು ಬಿಡಲಿಲ್ಲ. ಗಲ್ಲಿಯ ಆ ತುದಿ ತನಕ ಕೇಳುತ್ತಲೇ ಹೋಗುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ.

ತಿಂಗಳು ತುಂಬಿ ಭಾವ ಬಂದಾಗ ಗೇಟಿನ ಹತ್ತಿರ ನಿಂತು ನಮ್ಮನ್ನು ನೋಡಿದರು. ಜಾನು ತಾನೇ ಹೆಲ್ಮೆಟ್ ತಂದುಕೊಟ್ಟು, ಎತ್ತಿ ಕೂರಿಸು ಎಂದು ಕೈ ಚಾಚಿದಳು. ಅಪ್ಪನಿಗೆ ಟಾಟಾ ಮಾಡಿದಳು. ಸಂಜೆ ನಾವು ಮರಳಿದಾಗ ಅವರು ಅವಳ ಉಳಿದ ಬಟ್ಟೆಗಳ ಚೀಲ ತೆಗೆದು ನನ್ನ ಕಪಾಟಿನಲ್ಲಿ ಜೋಡಿಸುತ್ತಿದ್ದರು. ಕರೆದುಕೊಂಡು ಹೋಗುವ ಮಾತೇ ಎತ್ತಲಿಲ್ಲ. ನನ್ನ ಬ್ಯಾಂಕಿಗೆ ರಜೆ ಇರುವ ಶನಿವಾರಗಳಲ್ಲಿ ತಾವೇ ಬರುವುದಾಗಿ ಹೇಳಿದರು, ಬರುತ್ತಿದ್ದಾರೆ.

ಹಿಂದಿನ ಸೀಟು ಅಟ್ಟದ ಮೇಲಿದೆ. ಇವಳು ಬೆಳೆದಂತೆ ಮುಂದೆ ಹಿಡಿಸುವುದಿಲ್ಲ, ಒಂದು ದಿನ ಅದನ್ನು ಇಳಿಸಲೇಬೇಕು. ಅವತ್ತು ನನ್ನ ಬೆನ್ನ ಹಿಂದೆ ಅವಳನ್ನು ಕೂರಿಸಿ, ಈ ಬೆನ್ನು ಯಾರ ಬೆನ್ನಿನಂತಿದೆ ಎಂದು ನಿನ್ನ ಕಥೆಯನ್ನೆಲ್ಲ ಹೇಳುತ್ತೇನೆ. ಇದು ನಾನು ನಿನಗೆ ಕೊಡುವ ಮಾತು.

ಇವತ್ತು ಬೆಳಿಗ್ಗೆ ನಡೆದದ್ದನ್ನು ಹೇಳಬೇಕೆಂದೇ ಈ ಕಾಗದ ಹಿಡಿದದ್ದು. ಗಲ್ಲಿ ಮುಗಿದು ದೊಡ್ಡ ರಸ್ತೆಗೆ ತಿರುಗಿದ ಕೂಡಲೇ ಜಾನು ಕೈ ಚಾಚಿ ಕನ್ನಡಿಯನ್ನು ಹೊರಗೆ ತಿರುಗಿಸಿಬಿಟ್ಟಳು. ಅದರಲ್ಲಿ ನಾನಿಲ್ಲ, ಹಿಂದಿನ ರಸ್ತೆ ಇತ್ತು, ಒಂದು ಬಸ್ಸು ಇತ್ತು. "ಪಿನ್ನೀ, ಬಸ್ಸು" ಅಂದಳು, ತೆಲುಗಿನಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. ಅವಳಿಗೆ ಇನ್ನು ನನ್ನ ಮುಖ ಕಾಯುವ ಅಗತ್ಯವಿಲ್ಲ. ಸಂತೋಷಪಡಬೇಕಲ್ಲವೇ? ನಾನು ಪೆಡಲ್ ತುಳಿಯುವುದನ್ನೇ ಬಿಟ್ಟೆ. ಚಿಕ್ಕಮ್ಮ ಇಲ್ಲೇ ಇರುತ್ತಾಳೆಂದು ನಂಬಿದಳೋ, ನಿನ್ನನ್ನು ಮರೆತೇ ಬಿಟ್ಟಳೋ? ಆ ಪುಟ್ಟ ಹೆಲ್ಮೆಟ್ ಬಿಟ್ಟರೆ ನನಗೆ ಅವಳ ಮುಖವೇ ಕಾಣುತ್ತಿರಲಿಲ್ಲ. ತಡೆಯಲಾರದೆ, ನಿನ್ನ ಹಾಗೆಯೇ ಕೂಗಿದೆ.

"ಅದಿಯೇನ?"

ಅವಳು ತಿರುಗಲಿಲ್ಲ, ಅಕ್ಕಾ. ಬಸ್ಸಿನ ಮೇಲಿನ ಕಣ್ಣು ತೆಗೆಯದೆ, ನಿನ್ನ ಮಗಳು ಹೇಳಿದಳು:

"ಅದೀನಿ."

ನಿನ್ನ ತಂಗಿ