ಕೋಟೆಯ ಬಾಗಿಲು ತೆರೆದವರು

ಕಾಜಲ್,

ದಾಳ ಉರುಳಿಸಿ ಕಥೆ ಕಟ್ಟುವ ನಮ್ಮ ಆಟವನ್ನು ಈಗ ನಾನೊಬ್ಬಳೇ ಆಡುತ್ತೇನೆ. ಆಟದಲ್ಲಿ ಶತ್ರುಗಳಿಗೆ ಕೋಟೆಯ ಬಾಗಿಲು ತೆರೆದವಳು ನೀನು ಆಡಿಸುತ್ತಿದ್ದ ರಾಣಿಯೇ ಎಂದು ನಾನು ಹಟ ಹಿಡಿದದ್ದಕ್ಕೆ ನೀನು ಮುನಿಸಿಕೊಂಡು ಶಿರಗುಪ್ಪಿ ಬಸ್ಸು ಹತ್ತಿ ಹೋದೆಯಲ್ಲ, ಆ ಬಾಗಿಲಿನ ಗುಟ್ಟು ಇಂದು ಬಯಲಾಯಿತು.

ಶತ್ರುಗಳು ನುಗ್ಗಿದಾಗ ಬಾಗಿಲ ಕಾವಲುಗಾರ ಎಲ್ಲಿದ್ದ ಎಂದು ಯೋಚಿಸುತ್ತಿದ್ದಾಗ ಅವ್ವ ಕೂಗಿದಳು: "ಬ್ರಾಹ್ಮಿ, ಹೊತ್ತು ಮುಳಗಾಕತ್ತೈತಿ, ಲಗೂನ ಉಣ್ಣಾಕ ಬಾ."

ಎಲ್ಲ ಹರವಿದಲ್ಲೇ ಬಿಟ್ಟು ಓಡಿದೆ. ಮೊದಲ ತುತ್ತಿಗೇ ಹೊಳೆಯಿತು. ಅವನೂ ನಮ್ಮಂತೆ ಜೈನನಾಗಿದ್ದರೆ? ಬೆಳಕಿರುವಾಗಲೇ ಉಣ್ಣಲು ಓಡಿ, ಅಗಳಿ ಹಾಕಲು ಮರೆತಿದ್ದರೆ? ಕೈ ತೊಳೆದು ಬಂದು ದಾಳವನ್ನೇ ಕೇಳಿದೆ. ಆರು ಬಿತ್ತು, ಅಂದರೆ ಹೌದು.

ಯಾರೂ ದ್ರೋಹ ಮಾಡಿರಲಿಲ್ಲ. ಎದೆ ಹಗುರಾಯಿತು. ಯಾರ ಮೇಲೆ ಸಂಶಯವೆಂದು ಬರೆದಿಟ್ಟ ಪುಟದಲ್ಲಿ ನಿನ್ನ ರಾಣಿಯ ಹೆಸರು ಹೊಡೆದುಹಾಕಿ, ಅವಳನ್ನು ಮತ್ತೆ ಕೋಟೆಗೆ ಕರೆತಂದೆ. ಈಗ ಅವಳ ಸರದಿ. ದಾಳ ಅಲ್ಲೇ ಇದೆ, ನಾನು ಮುಟ್ಟಿಲ್ಲ.